ಗೊರವಯ್ಯ ಬೇರೆ, ಮಂತ್ರವಾದಿ ಬೇರೆ

ಪೂಜೆ, ಕಣಿ, ಕಾರಣಿಕ, ತಾಯತ, ಮಾಟ ಎಲ್ಲವನ್ನೂ ‘ಮೂಢನಂಬಿಕೆ’ ಎಂಬ ಒಂದೇ ಚೀಲಕ್ಕೆ ತುಂಬಿಬಿಡುವುದು ಓದಿದವರ ರೂಢಿ. ದಾವಣಗೆರೆ, ಹರಿಹರದ ಕಡೆಯ ಸಾಮಾನ್ಯ ಜನ ಅಷ್ಟು ಅವಸರ ಮಾಡುವುದಿಲ್ಲ. ಯಾವ ಕಷ್ಟಕ್ಕೆ ಯಾರ ಬಾಗಿಲಿಗೆ ಹೋಗಬೇಕೆಂಬ ವಿವೇಚನೆ ಅವರಿಗಿದೆ.

ಹರಿಹರದ ಹರಿಹರೇಶ್ವರ ದೇವಾಲಯವನ್ನೇ ನೋಡಬಹುದು. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಗುಡಿ ಇದು. ಇಲ್ಲಿನ ಅರ್ಚಕರಿಗೆ ಸ್ವಂತ ಶಕ್ತಿಯಿದೆಯೆಂದು ಭಕ್ತರು ಭಾವಿಸುವುದಿಲ್ಲ. ಶಕ್ತಿ ದೇವರದು, ಅರ್ಚಕರದು ಪೂಜೆಯ ಅಧಿಕಾರ ಮಾತ್ರ. ಇಂದು ಒಬ್ಬರು, ನಾಳೆ ಇನ್ನೊಬ್ಬರು.

ಗೊರವಯ್ಯನ ಸಂಗತಿ ಬೇರೆ. ಮೈಲಾರಲಿಂಗನ ಹೆಸರಿನಲ್ಲಿ ದೀಕ್ಷೆ ಪಡೆದ ಈತ ಕರಿ ಕಂಬಳಿ ಹೊದ್ದು, ಡಮರುಗ ಹಿಡಿದು, ಭಂಡಾರದ ಚೀಲ ಮತ್ತು ದೋಣಿಯೊಡನೆ ಮನೆಮನೆಗೆ ಬರುತ್ತಾನೆ. ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಯ ವೇಳೆ, ಹರಿಹರಕ್ಕೆ ಇನ್ನೂ ಹತ್ತಿರದ ದೇವರಗುಡ್ಡದಲ್ಲಿ ನವರಾತ್ರಿಯ ಕೊನೆಗೆ, ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗುತ್ತಾನೆ. ಅಷ್ಟು ದೊಡ್ಡ ಜನಸ್ತೋಮದ ಗದ್ದಲ ಅಡಗುತ್ತದೆ. ಒಂದೇ ವಾಕ್ಯದ ಕಾರಣಿಕ ನುಡಿದು ಕೆಳಕ್ಕೆ ಬೀಳುತ್ತಾನೆ. ಅದಕ್ಕೆ ಮಳೆ, ಬೆಳೆ, ರಾಜಕೀಯದ ಅರ್ಥ ಹಚ್ಚುವ ಕೆಲಸ ನೆರೆದವರದು. (ಚುನಾವಣೆ ಹತ್ತಿರವಿದ್ದರೆ ಈ ಅರ್ಥಗಾರಿಕೆ ಇನ್ನೂ ಜೋರು.) ಆ ಮಾತು ಎಲ್ಲರಿಗೂ ಸೇರಿದ್ದು, ಬಯಲಿನಲ್ಲಿ ಆಡಿದ್ದು.

ಮಂತ್ರವಾದಿಯದು ಗುಟ್ಟಿನ ವ್ಯವಹಾರ. ಮಾಟಗಾರನಿಗೆ ಗಿರಾಕಿಗಳಿರುತ್ತಾರೆಯೇ ಹೊರತು ಭಕ್ತಸಮುದಾಯ ಇರುವುದಿಲ್ಲವೆಂದು ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಕ್‌ಹೈಮ್ 1912ರಲ್ಲಿ ವಾದಿಸಿದ. ನಮ್ಮ ಮಾತಿನಲ್ಲಿ ಹೇಳುವುದಾದರೆ ಮೈಲಾರಲಿಂಗನಿಗೆ ಒಕ್ಕಲು ಉಂಟು, ಮಂತ್ರವಾದಿಗೆ ಒಕ್ಕಲಿಲ್ಲ. ಅವನಲ್ಲಿಗೆ ಹೋಗಿಬಂದವರು ಅದನ್ನು ಪಕ್ಕದ ಮನೆಯವರಿಗೂ ಹೇಳುವುದಿಲ್ಲ.

ಅವನು ಕೀಳುವ ದುಡ್ಡಿಗಿಂತ ಅವನು ಆಡುವ ಮಾತೇ ಹೆಚ್ಚು ಅಪಾಯದ್ದು. ಮಗುವಿನ ಜ್ವರ ಇಳಿಯದಿದ್ದರೆ ಜೋಯಿಸರು ಗ್ರಹವನ್ನು ದೂರುತ್ತಾರೆ. ಮೈದುಂಬಿದ ಪೂಜಾರಿ ತೀರಿಸದೆ ಬಿಟ್ಟ ಹರಕೆಯನ್ನು ನೆನಪಿಸುತ್ತಾನೆ. ಮಂತ್ರವಾದಿ ‘ಯಾರೋ ಮಾಡಿಸಿದ್ದಾರೆ’ ಎನ್ನುತ್ತಾನೆ. ಹೆಸರು ಹೇಳಬೇಕಿಲ್ಲ, ದಿಕ್ಕು ತೋರಿದರೆ ಸಾಕು. ಆ ದಿಕ್ಕಿನಲ್ಲಿ ಮಾತು ಬಿಟ್ಟ ವಾರಗಿತ್ತಿಯ ಮನೆಯೋ, ಒಂಟಿ ಮುದುಕಿಯ ಗುಡಿಸಲೋ ಇದ್ದೇ ಇರುತ್ತದೆ. ಶನಿಯ ಮೇಲೆ ಯಾರೂ ಕೈ ಮಾಡಲಾರರು. ಮುದುಕಿಯ ಮೇಲೆ ಮಾಡಬಲ್ಲರು.

ಈ ಗೆರೆಗಳು ಯಾವಾಗಲೂ ಸ್ಪಷ್ಟವಾಗಿರುತ್ತವೆ ಎಂದಲ್ಲ. ಹಗಲು ಗುಡಿಯಲ್ಲಿ ತೀರ್ಥ ಕೊಡುವಾತನೇ ಅಮಾವಾಸ್ಯೆಯ ರಾತ್ರಿ ತಾಯತ ಕಟ್ಟುವುದುಂಟು. 2020ರ ಜನವರಿಯಲ್ಲಿ ಜಾರಿಗೆ ಬಂದ, ಅಮಾನವೀಯ ದುಷ್ಟ ಪದ್ಧತಿಗಳು ಹಾಗೂ ವಾಮಾಚಾರದ ವಿರುದ್ಧದ 2017ರ ಕರ್ನಾಟಕ ಕಾಯ್ದೆ ಅದಕ್ಕೇ ಮನುಷ್ಯನ ಬಿರುದನ್ನು ಕೇಳುವುದಿಲ್ಲ, ಮಾಡಿದ ಕೃತ್ಯವನ್ನು ನೋಡುತ್ತದೆ. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು, ಹಾವು, ನಾಯಿ ಕಚ್ಚಿದವರಿಗೆ ವೈದ್ಯರ ಚಿಕಿತ್ಸೆ ತಪ್ಪಿಸಿ ಮಂತ್ರ ಹಾಕುವುದು ಇವೆಲ್ಲ ಅಪರಾಧ. ಶಿಕ್ಷೆ 1ರಿಂದ 7 ವರ್ಷದ ಸೆರೆವಾಸ, ಜೊತೆಗೆ 5,000ದಿಂದ 50,000 ರೂಪಾಯಿವರೆಗೆ ದಂಡ. ಗುಡಿಯ ಪೂಜೆ, ಹರಿಕಥೆ, ಭಜನೆಗಳನ್ನು ಕಾಯ್ದೆ ಮುಟ್ಟುವುದಿಲ್ಲ. ಜೋಯಿಸರ ಸಲಹೆಯನ್ನೂ ವಾಸ್ತುವನ್ನೂ ಹೊರಗಿಟ್ಟಿದ್ದಾರೆ. ವಿಚಾರವಾದಿಗಳ ತಕರಾರು ಇರುವುದು ಅಲ್ಲಿಯೇ.