ಪ್ರಯೋಗಾಲಯ ಯಾರ ಕೈಯಲ್ಲಿದೆ?

ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ಪ್ರಯೋಗಾಲಯವನ್ನು ಪ್ರಾಧ್ಯಾಪಕರ ಹೆಸರಿನಿಂದ ಗುರುತಿಸುತ್ತೇವೆ. ಅಲ್ಲಿ ಪ್ರಯೋಗ ಮಾಡುವವರು ಮಾತ್ರ ಬಹುಪಾಲು ಬೇರೆಯವರು. ಫ್ಯೂಮ್ ಹುಡ್ ಮುಂದೆ ನಿಂತು ಕಾಲಂ ಓಡಿಸುವವರು, ಎನ್‌ಎಂಆರ್ ಸರದಿಗಾಗಿ ರಾತ್ರಿ ಕಾಯುವವರು ಪಿಎಚ್.ಡಿ. ವಿದ್ಯಾರ್ಥಿಗಳು, ಜೊತೆಗೆ, ಪದವಿ ಮುಗಿಸಿ ಕರಾರಿನ ಮೇಲೆ ಬಂದ ಪೋಸ್ಟ್‌ಡಾಕ್‌ಗಳು. ಈ ಏರ್ಪಾಡಿನ ಬೇರು ಜರ್ಮನಿಯ ಗೀಸೆನ್‌ನಲ್ಲಿದೆ. 1824ರಲ್ಲಿ ಅಲ್ಲಿಗೆ ಬಂದ ಯೂಸ್ಟಸ್ ಲೀಬಿಗ್ ವಿದ್ಯಾರ್ಥಿಗಳನ್ನೇ ಸಂಶೋಧನೆಗೆ ಹಚ್ಚಿದ. 1831ರಲ್ಲಿ ಅವನು ರೂಪಿಸಿದ ಐದು ಗುಂಡುಗಳ ಗಾಜಿನ ಉಪಕರಣದಿಂದ, ನುರಿತವರಿಗಷ್ಟೇ ಒಲಿಯುತ್ತಿದ್ದ ಇಂಗಾಲದ ವಿಶ್ಲೇಷಣೆ ಹುಡುಗರ ಕೈಗೂ ಎಟುಕಿತು. ಅಲ್ಲಿಂದೀಚೆಗೆ ರಸಾಯನಶಾಸ್ತ್ರ ಬೆಳೆದದ್ದು ಹೆಚ್ಚಾಗಿ ಇಂಥ ಕೈಗಳಲ್ಲೇ.

ಅವರು ಕಲಿಯಲು ಬಂದವರು, ವಿಚಾರ ಗೈಡ್‌ನದು, ದುಡಿಮೆಗೆ ಪದವಿಯೇ ಪ್ರತಿಫಲ ಎಂಬ ವಾದವಿದೆ. ವಾದದಲ್ಲಿ ಹುರುಳಿಲ್ಲದಿಲ್ಲ. ಹಾರ್ವರ್ಡ್‌ನ ವುಡ್‌ವರ್ಡ್, ಜ್ಯೂರಿಕ್‌ನ ಎಶೆನ್‌ಮೋಸರ್ ಯೋಜನೆ ಹಾಕದಿದ್ದರೆ ವಿಟಮಿನ್ ಬಿ12ರ ಸಂಶ್ಲೇಷಣೆಯ ಸಾಹಸಕ್ಕೆ ಯಾರೂ ಇಳಿಯುತ್ತಿರಲಿಲ್ಲವೇನೊ. ಆದರೆ 1972ರಲ್ಲಿ ಮುಗಿದ ಆ ಕೆಲಸಕ್ಕೆ ಹನ್ನೊಂದು-ಹನ್ನೆರಡು ವರ್ಷ, 19 ದೇಶಗಳಿಂದ ಬಂದ ಸುಮಾರು ನೂರು ಜನ ಬೇಕಾಯಿತು. ಅವರಲ್ಲಿ ತೊಂಬತ್ತರಷ್ಟು ಮಂದಿ ಪೋಸ್ಟ್‌ಡಾಕ್‌ಗಳು, ಅಂದರೆ ಪದವಿ ಆಗಲೇ ಕೈಯಲ್ಲಿದ್ದವರು. ಅವರಿಗೆ ಯಾವ ಪದವಿಯ ಪ್ರತಿಫಲ? ಇನ್ನೊಂದು ವಿಚಿತ್ರ: ಹಾರ್ವರ್ಡ್ ಪಾಲಿನ ಪ್ರಯೋಗಗಳ ಪೂರ್ಣ ವಿವರ ಸಂಶೋಧನಾ ಪತ್ರಿಕೆಗಳಲ್ಲಿ ಅಚ್ಚಾಗಲೇ ಇಲ್ಲ. ಅದು ಉಳಿದಿರುವುದು ಪೋಸ್ಟ್‌ಡಾಕ್‌ಗಳು ಬರೆದ ವರದಿಗಳಲ್ಲಿ. ಜ್ಯೂರಿಕ್‌ನದು ವಿದ್ಯಾರ್ಥಿಗಳ ಪ್ರಬಂಧಗಳಲ್ಲಿ. ವಿಚಾರವೂ ಮೇಲಿನಿಂದಷ್ಟೇ ಇಳಿದು ಬರಲಿಲ್ಲ. ಇದೇ ಕೆಲಸದ ನಡುವೆ ಎದುರಾದ, ನಿರೀಕ್ಷೆಗೆ ಒಗ್ಗದ ಫಲಿತಾಂಶವೊಂದು ವುಡ್‌ವರ್ಡ್‌ರನ್ನು ಯೋಚನೆಗೆ ಹಚ್ಚಿತು. ಆಗಷ್ಟೇ ಪಿಎಚ್.ಡಿ. ಮುಗಿಸಿದ್ದ ರೋಲ್ಡ್ ಹಾಫ್‌ಮನ್ ಜೊತೆ ಸೇರಿ ಅವರು 1965ರಲ್ಲಿ ಪ್ರಕಟಿಸಿದ ನಿಯಮಗಳು ಈಗ ಎಲ್ಲ ಪಠ್ಯಗಳಲ್ಲೂ ಇವೆ.

ಕೀರ್ತಿ ಹಂಚಿಕೆ ಬೇರೆ ಮಾತು. 1985ರಲ್ಲಿ ರೈಸ್ ವಿಶ್ವವಿದ್ಯಾಲಯದಲ್ಲಿ ಇಂಗಾಲದ ಅರವತ್ತು ಪರಮಾಣುಗಳ ಗೋಳ ಪತ್ತೆಯಾದಾಗ ಲೇಖನಕ್ಕೆ ಐವರ ಹೆಸರಿತ್ತು; ವಿದ್ಯಾರ್ಥಿಗಳಾಗಿದ್ದ ಹೀತ್, ಓಬ್ರಯನ್ ಅದರಲ್ಲಿದ್ದರು. 1996ರ ನೊಬೆಲ್ ಮೂವರು ಹಿರಿಯರಿಗೆ ಸಂದಿತು. ಮೂವರಿಗಿಂತ ಹೆಚ್ಚು ಜನರಿಗೆ ಕೊಡುವಂತಿಲ್ಲವೆಂಬ ನಿಯಮವೇ ಇದೆ ನಿಜ. ನಿಯಮ ಮಾಡಿದವರು ಬೆಂಚಿನ ಮುಂದೆ ನಿಂತವರಲ್ಲ, ಅಷ್ಟೇ.

ಹೊಣೆ ಗೈಡ್‌ನದು, ಅನುದಾನ ತರುವವರೂ ಅವರೇ ಎಂಬುದನ್ನು ಒಪ್ಪೋಣ. ಹಾಗಿದ್ದರೆ ಕೈಗಳ ಹೊಣೆಯೂ ಅವರದೇ, ಸಂಸ್ಥೆಯದೇ: ಗಾಳಿ ತಾಗಿದರೆ ಹೊತ್ತಿಕೊಳ್ಳುವ ರಾಸಾಯನಿಕವನ್ನು ಹೊಸಬರೊಬ್ಬರೇ ಎತ್ತಿಕೊಳ್ಳದಂತೆ ನೋಡಿಕೊಳ್ಳುವುದು, ಗೊತ್ತಾದ ಕೆಲಸದ ಹೊತ್ತು, ಲೇಖನದಲ್ಲಿ ಸಲ್ಲಬೇಕಾದ ಸ್ಥಾನ. ನಮ್ಮ ದೇಶದಲ್ಲಿ ಜೂನಿಯರ್ ಫೆಲೋಶಿಪ್ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ. ಅದು ತಿಂಗಳುಗಟ್ಟಲೆ ಬಾಕಿ ಉಳಿಯುವ ದೂರು ಮಾತ್ರ ಹಳೆಯದು. ಸಂಬಂಧಪಟ್ಟವರು ಮೊದಲು ಅದನ್ನು ಪ್ರತಿ ತಿಂಗಳು ತಪ್ಪದೆ ಕೊಡಲಿ.