ಗುಳೆಯ ಮಕ್ಕಳೂ ಶಾಲೆಯ ಹಿತೈಷಿಯೂ

ಶಾಲೆಯ ಬಾಗಿಲು ತೆರೆದಿದೆಯೆಂದ ಮಾತ್ರಕ್ಕೆ ಎಲ್ಲ ಮಕ್ಕಳೂ ಒಳಬಂದು ಕೊನೆಯ ತರಗತಿಯವರೆಗೆ ಉಳಿದರೆಂದು ತಿಳಿಯಲಾಗದು. ಕೃಷ್ಣೆ ತುಂಗಭದ್ರೆಯರ ನಡುವಣ ರಾಯಚೂರು ದಾಸಸಾಹಿತ್ಯದ ನೆಲ. ಮಾನ್ವಿಯಂತೂ ಜಗನ್ನಾಥದಾಸರ ಊರು. ಆದರೂ 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇಕಡಾ 75.36 ಇದ್ದರೆ ಈ ಜಿಲ್ಲೆಯದು 59.56 ಮಾತ್ರ. 2002ರಲ್ಲಿ ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯು ಅತ್ಯಂತ ಹಿಂದುಳಿದವೆಂದು ಗುರುತಿಸಿದ 39 ತಾಲ್ಲೂಕುಗಳಲ್ಲಿ ದೇವದುರ್ಗ, ಮಾನ್ವಿ ಎರಡೂ ಸೇರಿದ್ದವು.

ಇದಕ್ಕೆ ಮಕ್ಕಳ ಮಂದಮತಿ ಕಾರಣವಲ್ಲ, ತಂದೆತಾಯಿಯರ ಉದಾಸೀನವೂ ಅಲ್ಲ. ಮಳೆ ಕೈಕೊಟ್ಟಾಗ ಒಣಬೇಸಾಯದ ಸಂಸಾರ ಬೆಂಗಳೂರಿಗೋ ಪುಣೆಗೋ ಗುಳೆ ಹೋಗುತ್ತದೆ; ಮಗುವೂ ಜೊತೆಗೆ ಹೊರಡುತ್ತದೆ. ಊರಲ್ಲೇ ಉಳಿದ ಹುಡುಗಿಯನ್ನು ಹತ್ತಿ ಬಿಡಿಸುವ ಕೆಲಸವೋ ತಮ್ಮ ತಂಗಿಯರ ಪಾಲನೆಯೋ ಕರೆಯುತ್ತದೆ. ಹಾಜರಿ ಪುಸ್ತಕಕ್ಕೆ ಇವರೆಲ್ಲರೂ 'ಗೈರುಹಾಜರಿ' ಅಷ್ಟೆ.

ಎರಡನೆಯ ತೊಡಕು ಭಾಷೆಯದು. ತಾಂಡಾದ ಮಗು ಮನೆಯಲ್ಲಿ ಆಡುವುದು ಲಂಬಾಣಿ, ಗಡಿಯೂರಿನದು ತೆಲುಗು. ಕನ್ನಡದ ಮನೆಯಿಂದ ಬಂದ ಮಗುವಿಗೂ ಪಠ್ಯದ ಕನ್ನಡ ಅಷ್ಟು ಹತ್ತಿರದ್ದಲ್ಲ. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿ ಉರ್ದು ಮಾಧ್ಯಮದಲ್ಲಿ ಕಲಿಯಬೇಕಾಗಿದ್ದ ಈ ನಾಡಿಗೆ ಆ ಕಷ್ಟವನ್ನು ಬೇರೆಯವರು ಬಿಡಿಸಿ ಹೇಳಬೇಕಾಗಿಲ್ಲ.

ಇಂಥ ಕಡೆ ಶಾಲೆಗೊಬ್ಬ ಆಪ್ತಸಲಹೆಗಾರ ಬೇಕು. ನಮ್ಮ ಬಹುತೇಕ ಹಳ್ಳಿಗಳಲ್ಲಿ ಆ ಕೆಲಸ ತರಗತಿಯ ಉಪಾಧ್ಯಾಯರ ಹೆಗಲಿಗೇ ಬರುತ್ತದೆ. ಅವರು ಮಾಡಬೇಕಾದ ಮೊದಲ ಕೆಲಸ ಉಪದೇಶವಲ್ಲ, ವಿಚಾರಣೆ: ಮಗು ಏಕೆ ಬರಲಿಲ್ಲ, ಎಲ್ಲಿಗೆ ಹೋಯಿತು, ಎಂದು ಮರಳುತ್ತದೆ? ಗುಳೆ ಹೊರಡುವ ಮುನ್ನವೇ ಮನೆಯವರೊಡನೆ ಮಾತನಾಡಿದರೆ ಮಗುವನ್ನು ಅಜ್ಜಿಯ ಬಳಿ ಉಳಿಸಲೋ ವಸತಿನಿಲಯಕ್ಕೆ ಸೇರಿಸಲೋ ದಾರಿ ಸಿಕ್ಕೀತು. ಹೆಣ್ಣುಮಕ್ಕಳಿಗೆ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯಗಳಿವೆ.

ಎರಡನೆಯ ಕೆಲಸ, ಕಾನೂನನ್ನು ಮನೆಮಾತಿನಲ್ಲಿ ತಿಳಿಸುವುದು. 2009ರ ಶಿಕ್ಷಣ ಹಕ್ಕು ಕಾಯಿದೆಯು 6ರಿಂದ 14ರ ವಯಸ್ಸಿನ ಮಕ್ಕಳದು. ಅದರ ಪ್ರಕಾರ ವರ್ಗಾವಣೆ ಪತ್ರ ತಡವಾಯಿತೆಂದಾಗಲಿ ವಯಸ್ಸಿನ ದಾಖಲೆಯಿಲ್ಲವೆಂದಾಗಲಿ ಪ್ರವೇಶ ನಿರಾಕರಿಸುವಂತಿಲ್ಲ. ಓದು ಬಿಟ್ಟ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು ವಿಶೇಷ ತರಬೇತಿ ಕೊಡಬೇಕು. ಮುಂದಿನ ಓದಿಗೆ ಸಂವಿಧಾನದ 371ಜೆ ವಿಧಿಯ ಮೀಸಲಾತಿಯಿದೆ. 2013ರಲ್ಲಿ ಜಾರಿಗೆ ಬಂದ ಈ ಸೌಲಭ್ಯ ಅರ್ಹತಾ ಪ್ರಮಾಣಪತ್ರವಿಲ್ಲದವನಿಗೆ ದಕ್ಕುವುದಿಲ್ಲ. ಮನೆಯಲ್ಲಿ ಓದಿದವರಿಲ್ಲದ ಹುಡುಗನಿಗೆ ಯಾವ ಕಾಗದ, ಯಾವ ಕಚೇರಿ, ಯಾವ ದಿನದೊಳಗೆ ಎಂಬುದನ್ನು ಹೇಳುವವರಾರು? ಅಂಕ ಗಳಿಸಿಯೂ ಅರ್ಜಿಯ ಗಡುವಿನಲ್ಲಿ ಸೋಲುವುದು ಬುದ್ಧಿಯ ಸೋಲಲ್ಲ.

ಈ ಪಾಡು ನಮ್ಮದು ಮಾತ್ರವಲ್ಲ. ಅಮೆರಿಕದಲ್ಲಿ ಲ್ಯಾಟಿನ್ ಅಮೆರಿಕ ಮೂಲದ ಕೂಲಿಕಾರರ ಮಕ್ಕಳು ಬೆಳೆಯನ್ನು ಹಿಂಬಾಲಿಸಿ ಊರೂರು ಅಲೆಯುತ್ತಾರೆ. ಸ್ಪ್ಯಾನಿಷ್ ಮಾತ್ರ ಬಲ್ಲ ತಾಯಿಗೆ ಕಚೇರಿಯಲ್ಲಿ ಮಗುವೇ ದುಭಾಷಿ. ಅಧಿಕೃತ ಕಾಗದಪತ್ರವಿಲ್ಲದೆ ದೇಶದೊಳಗಿರುವ ಮಗುವಿಗೂ ಶಾಲೆಯನ್ನು ನಿರಾಕರಿಸಬಾರದೆಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯ 1982ರಲ್ಲಿ ತೀರ್ಪಿತ್ತಿತು. ಆದರೆ ತೀರ್ಪು ಬಾಗಿಲನ್ನು ತೆರೆಯಬಲ್ಲದು. ಕೈಹಿಡಿದು ಒಳಗೆ ಕರೆದೊಯ್ಯಲು ಅಲ್ಲಿಯೂ ಶಾಲೆಯ ಸಲಹೆಗಾರನೇ ಬೇಕು.

ಮೂರನೆಯದು, ಎಲ್ಲಕ್ಕಿಂತ ಸೂಕ್ಷ್ಮವಾದುದು: ಮಗುವಿನ ಮನೆಯನ್ನು ಹೀಗಳೆಯದಿರುವುದು. ಅಪ್ಪನ ಕೂಲಿಯನ್ನೂ ತಾಯಿಯ ಭಾಷೆಯನ್ನೂ ಕುರಿತು ನಾಚಿಕೊಳ್ಳುವಂತೆ ಮಾಡುವ ಶಾಲೆ ಅಕ್ಷರ ಕಲಿಸಿಯೂ ಮಗುವನ್ನು ಕಳೆದುಕೊಳ್ಳುತ್ತದೆ. ಆಪ್ತಸಲಹೆಗಾರನು ಮಳೆಯನ್ನು ತರಿಸಲಾರ, ಕೂಲಿಯನ್ನು ಹೆಚ್ಚಿಸಲಾರ. ಆದರೆ ಗುಳೆಯಿಂದ ಮರಳಿದ ಮಗುವನ್ನು ಹೆಸರು ಹಿಡಿದು ಕರೆದು, ನಿಂತ ಪಾಠದಿಂದಲೇ ಮುಂದುವರಿಸಬಲ್ಲ. ಎಷ್ಟೋ ಮಕ್ಕಳ ಓದು ಉಳಿಯುವುದೂ ಅಳಿಯುವುದೂ ಆ ಒಂದು ಕರೆಯ ಮೇಲೆ.