ಬೀದಿ ನಾಯಿ ಈಗ ಮನೆ ನಾಯಿ

ದತ್ತು ತಗೊಂಡ ನಾಯಿ ಮನೆಗೆ ಬಂದಾಯ್ತು. ಬಂದದ್ದೇ ಮಂಚದ ಕೆಳಗೆ ಸೇರಿಕೊಂಡಿದೆ, ಕರೆದರೂ ಬರ್ತಿಲ್ಲ. ಬರದಿದ್ರೆ ಬೇಡ ಬಿಡಿ. ನೀರಿನ ಬಟ್ಟಲು ಹತ್ತಿರ ಇಟ್ಟು, ನಿಮ್ಮ ಪಾಡಿಗೆ ನೀವಿರಿ. ಪೊರಕೆ ಎತ್ತಿದ ಕೂಡಲೇ ಬಾಲ ಮುದುರುತ್ತಾ? ಬೀದೀಲಿ ತಿಂದ ಏಟು ಅಷ್ಟು ಬೇಗ ಮರೆಯಲ್ಲ.

ಕಿವಿಯ ತುದಿ ನೋಡಿ. ಸಣ್ಣ ಕಚ್ಚು ಇದ್ರೆ, ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆ ಅನ್ನೋ ಗುರುತು ಅದು. ಆಗಲೇ ರೇಬಿಸ್ ಲಸಿಕೆಯನ್ನೂ ಹಾಕಿರ್ತಾರೆ. ಆದ್ರೂ ವರ್ಷ ವರ್ಷ ಹಾಕಿಸಲೇಬೇಕು.

ಊಟಕ್ಕೆ, ನಿನ್ನೆ ಉಳಿದ ಈರುಳ್ಳಿ ಹುಳಿ ಬೇಡ. ಈರುಳ್ಳಿ, ಬೆಳ್ಳುಳ್ಳಿ ಬೆಂದಿದ್ರೂ ನಾಯಿಯ ಕೆಂಪು ರಕ್ತಕಣಗಳನ್ನ ಹಾಳು ಮಾಡುತ್ತೆ. "ನಮ್ಮೂರ ನಾಯಿ ಅದನ್ನೇ ತಿಂದು ಬದುಕಿತ್ತು" ಅಂತ ಅಜ್ಜಿ ಅಂದೇ ಅಂತಾರೆ. ವಾದ ಬೇಡ, ಅನ್ನ-ಮೊಟ್ಟೆ ಬೇರೆ ತೆಗೆದಿಡಿ.

ನನ್ನ ಕೇಳಿದ್ರೆ, ನಿಜವಾದ ಶತ್ರು ಉಣ್ಣಿ. ಹೊರಗೆ ಸುತ್ತಾಡಿಸಿ ಬಂದಮೇಲೆ ಬೆರಳ ಸಂದು, ಕಿವಿಯ ಒಳಮಡಿಕೆ, ಕುತ್ತಿಗೆ ಪಟ್ಟಿಯ ಅಡಿ, ಎಲ್ಲಾ ಬೆರಳಾಡಿಸಿ ನೋಡಿ. ಸಾಸಿವೆ ಕಾಳಿನ ಹಾಗೆ ಸಿಗುತ್ತೆ. ಹೊಸಕಬೇಡಿ, ಚಿಮಟದಲ್ಲಿ ಚರ್ಮಕ್ಕೆ ಒತ್ತಿ ಹಿಡಿದು ನೇರ ಎಳೀರಿ. ಉಣ್ಣಿ ಜ್ವರ ಬಂದ್ರೆ ಪ್ಲೇಟ್‌ಲೆಟ್ ಇಳಿಯುತ್ತೆ. ಊಟ ಬಿಟ್ಟು ಮಂಕಾಗಿದ್ರೆ, ಮೂಗಲ್ಲಿ ರಕ್ತ ಬಂದ್ರೆ, ಅವತ್ತೇ ವೈದ್ಯರ ಹತ್ತಿರ ಓಡಿ.

ಅಪಾರ್ಟ್‌ಮೆಂಟ್ ಸಂಘದವರು ನಾಯಿ ಸಾಕಲೇಬಾರದು ಅಂದ್ರೆ? ಬಹುಮತದಿಂದಲೂ ಹಾಗೆ ನಿಷೇಧಿಸೋ ಹಾಗಿಲ್ಲ ಅಂತ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಮಾರ್ಗಸೂಚಿ ಹೇಳುತ್ತೆ. ಆದ್ರೆ ನಾಯಿ ದಾರೀಲಿ ಮಾಡಿದ ಗಲೀಜು ಎತ್ತೋದು ಮಾತ್ರ ನಿಮ್ಮದೇ ಕೆಲಸ, ಸ್ವಾಮಿ!